ಆಗುತ್ತೆ, ಆಯ್ತು, ಆಗವಲ್ದು

ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಸಾಫ್ಟ್‌ವೇರ್ ಟೀಮಿನ ಸ್ಟ್ಯಾಂಡಪ್, ಅಂದರೆ ನಿಂತೇ ಮುಗಿಸುವ ದಿನದ ಸಭೆ. ಒಂಬತ್ತು ಜನ ಅರ್ಧ ವೃತ್ತದಲ್ಲಿ ನಿಲ್ಲುತ್ತಿದ್ದೆವು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಏನಾದರೂ ಅಡ್ಡಿ ಇದೆಯಾ? ಈ ಮೂರು ಪ್ರಶ್ನೆಗೆ ಒಬ್ಬೊಬ್ಬರೂ ಉತ್ತರ ಹೇಳಬೇಕು, ಹದಿನೈದು ನಿಮಿಷದೊಳಗೆ ಎಲ್ಲ ಮುಗಿಯಬೇಕು. ನಾನು ಸ್ಕ್ರಮ್ ಮಾಸ್ಟರ್, ಅಂದರೆ ಸ್ಕ್ರಮ್ ಎಂಬ ಪದ್ಧತಿಯಂತೆ ಟೀಮಿನ ಕೆಲಸ ಸಾಗುವ ಹಾಗೆ ನೋಡಿಕೊಳ್ಳುವವನು. ಕೈಯಲ್ಲಿ ಫೋನು, ಫೋನಿನಲ್ಲಿ ಟೈಮರ್. ಹದಿಮೂರು ನಿಮಿಷಕ್ಕೆ ಮುಗಿದ ದಿನ ಏನೋ ಸಾಧಿಸಿದಂತೆ ಬೀಗುತ್ತಿದ್ದೆ.

ಟೀಮಿನಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ. ಸೇರಿ ಏಳೆಂಟು ತಿಂಗಳಾಗಿತ್ತು. ತನ್ನ ಸರದಿ ಬಂದಾಗ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ, ಕೊನೆಗೆ ‘ನೋ ಬ್ಲಾಕರ್ಸ್’ ಎಂದು ಸೇರಿಸಿ, ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ. ಹೇಳಿದ್ದೂ ಚುಟುಕು, ಟೈಮೂ ಉಳಿಯಿತು ಅಂತ ನನಗೆ ಅವನ ಮೇಲೆ ಪ್ರೀತಿ.

ಎರಡು ವಾರದ ಸ್ಪ್ರಿಂಟಿನ (ಇಷ್ಟು ಕೆಲಸ ಮುಗಿಸೋಣ ಎಂದು ಗೊತ್ತುಮಾಡಿಕೊಂಡ ಅವಧಿ) ಎಂಟನೇ ದಿನ. ಊಟ ಮುಗಿಸಿ ಆಫೀಸಿನ ಹಿಂದಿನ ಗಲ್ಲಿಯ ಟೀ ಅಂಗಡಿಗೆ ಹೋದರೆ ಹುಡುಗ ಅಲ್ಲೇ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ. ಕೈಯಲ್ಲಿದ್ದ ಟೀ ಆರಿ ಕೆನೆ ಕಟ್ಟಿತ್ತು. ‘ಏನಪ್ಪಾ, ಊಟ ಆಯ್ತಾ?’ ಅಂದೆ. ಅಷ್ಟೇ ಕೇಳಿದ್ದು. ಅವನು ನನ್ನ ಮುಖ ನೋಡದೆ ಹೇಳಿದ: ‘ಸರ್ರ, ಆ ಪೇಮೆಂಟಿಂದು ಆಗವಲ್ದ್ರಿ. ಆರು ದಿನಾತು.’

ಆ ಪೇಮೆಂಟಿನ ಕಥೆ ಇಷ್ಟು. ಗಿರಾಕಿ ದುಡ್ಡು ಕಟ್ಟಿದ ಮೇಲೆ ಪೇಮೆಂಟ್ ಗೇಟ್‌ವೇಯವರು ನಮ್ಮ ಸರ್ವರಿಗೆ ‘ದುಡ್ಡು ಬಂತು’ ಎಂದು ಒಂದು ಸಂದೇಶ ಕಳಿಸುತ್ತಾರೆ. ನಮ್ಮ ಕಡೆಯಿಂದ ಉತ್ತರ ತಡವಾದರೆ ಮತ್ತೊಮ್ಮೆ ಕಳಿಸುತ್ತಾರೆ; ತಲುಪಿತೋ ಇಲ್ಲವೋ ಎಂಬ ಅನುಮಾನಕ್ಕೆ ಹಾಗೆ ಮಾಡೋದು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಹುಡುಗ ಅದಕ್ಕೊಂದು ತಪಾಸಣೆ ಬರೆದಿದ್ದ: ಈ ಆರ್ಡರ್ ಆಗಲೇ ದಾಖಲಾಗಿದೆಯಾ ನೋಡು, ಇಲ್ಲದಿದ್ದರೆ ಮಾತ್ರ ಬರೆ. ಅವನ ಲ್ಯಾಪ್‌ಟಾಪಿನಲ್ಲಿ ಯಾವಾಗ ನೋಡಿದರೂ ಸರಿ. ಟೆಸ್ಟ್ ಸರ್ವರಿನಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಒಂದೇ ಆರ್ಡರ್ ಎರಡು ಸಲ. ಯಾಕೆಂದರೆ ಮೊದಲ ಸಂದೇಶ ಬರೆದು ಮುಗಿಸುವ ಮುಂಚೆಯೇ ಎರಡನೆಯದು ಬಂದು ಇಣುಕಿದರೆ ಅದಕ್ಕೂ ‘ಇಲ್ಲ’ ಎಂಬ ಉತ್ತರವೇ ಸಿಗುತ್ತದೆ. ಎರಡೂ ಬರೆಯುತ್ತವೆ. ಆರು ದಿನದಿಂದ ಅವನು ತಪಾಸಣೆಯ ಜಾಗ ಬದಲಾಯಿಸುತ್ತಾ, ನಡುನಡುವೆ ಕಾಯುವ ಸಾಲು ಸೇರಿಸುತ್ತಾ, ರಾತ್ರಿ ಪಿಜಿಯಲ್ಲೂ ಕೂತು ಗುದ್ದಾಡುತ್ತಿದ್ದ.

ಅವನನ್ನು ಕರೆದುಕೊಂಡು ಮೇಲೆ ಬಂದು ನಮ್ಮ ಟೀಮಿನ ಹಿರಿಯ ಡೆವಲಪರ್ ಹತ್ತಿರ ಕೂರಿಸಿದೆ. ಕೊಯಮತ್ತೂರಿನವರು, ಡೇಟಾಬೇಸಿನಲ್ಲಿ ಪಳಗಿದ ಕೈ. ಅವರು ಅವನ ಕೋಡನ್ನು ಪೂರ್ತಿ ಓದಲೂ ಇಲ್ಲ. ‘ನೀನು ಯಾಕೆ ಕಾವಲು ಕಾಯ್ತಿದ್ದೀಯ? ಪೇಮೆಂಟ್ ನಂಬರಿನ ಕಾಲಮ್ಮಿಗೆ ಯೂನಿಕ್ ಕನ್ಸ್‌ಟ್ರೇಂಟ್ ಹಾಕು. ಎರಡನೆಯದು ಬಂದರೆ ಡೇಟಾಬೇಸೇ ಹೊರಗೆ ತಳ್ಳುತ್ತೆ. ಆ ಎರರ್ ಹಿಡಿದು, ಗೇಟ್‌ವೇಗೆ ಸುಮ್ಮನೆ ಓಕೆ ಅಂತ ಹೇಳಿಬಿಡು’ ಅಂದರು. ನಲವತ್ತು ನಿಮಿಷದಲ್ಲಿ ಟೆಸ್ಟೂ ಪಾಸಾಯಿತು. ಅವರು ಕೂರುತ್ತಿದ್ದದ್ದು ಹುಡುಗನಿಂದ ಎರಡು ಕುರ್ಚಿ ಆಚೆ.

ಸಂಜೆ ಕೇಳಿದೆ, ‘ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿ ಹೇಳಬಹುದಿತ್ತಲ್ಲೋ?’

‘ಅಲ್ಲೆ ಹೆಂಗ್ ಹೇಳೋದ್ರಿ ಸರ್ರ? ಎಲ್ಲಾರ ಮುಂದ ನನಗ ಬರೂದಿಲ್ಲ ಅಂತ ಹೇಳಿದಂಗ ಆಕ್ಕೈತಿ.’ ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದ. ತಿಂಗಳೊಪ್ಪತ್ತಿನ ಹಿಂದೆ ನಮ್ಮ ಟೆಸ್ಟರ್ ಹುಡುಗಿ ‘ಇದಕ್ಕೆ ಇನ್ನೂ ಎರಡು ದಿನ ಬೇಕು’ ಅಂದಾಗ ನಾನು ಎಲ್ಲರೆದುರು ‘ಪ್ಲಾನಿಂಗ್ ದಿನ ಇದು ಗೊತ್ತಿರ್ಲಿಲ್ವಾ?’ ಅಂತ ಕೇಳಿದ್ದೆನಂತೆ. ನಗುತ್ತಲೇ ಕೇಳಿದ್ದೆ. ನನಗೆ ನೆನಪೂ ಇರಲಿಲ್ಲ. ಅವನಿಗೆ ನಾನು ಹಾಕಿದ್ದ ಅಂಗಿಯ ಬಣ್ಣ ಸಮೇತ ನೆನಪಿತ್ತು.

ಇನ್ನೂ ಒಂದಿದೆ. ಯಾವ ಕೆಲಸ ಎಷ್ಟು ದೊಡ್ಡದು ಎಂಬ ಎಸ್ಟಿಮೇಟಿಗೆ ನಾವು ಆಡುವುದು ಪ್ಲಾನಿಂಗ್ ಪೋಕರ್. ಜೇಮ್ಸ್ ಗ್ರೆನಿಂಗ್ 2002ರಲ್ಲಿ ಹುಟ್ಟುಹಾಕಿದ ಆಟ: ಎಲ್ಲರೂ ತಮ್ಮ ಅಂದಾಜಿನ ಕಾರ್ಡನ್ನು ಬೋರಲು ಇಟ್ಟು, ಒಟ್ಟಿಗೇ ತಿರುವಬೇಕು. ದೊಡ್ಡವರು ಏನಂತಾರೋ ನೋಡಿಕೊಂಡು ಚಿಕ್ಕವರು ಹೂಂಗುಟ್ಟಬಾರದು ಅನ್ನೋದೇ ಅದರ ಉಪಾಯ. ಈ ಪೇಮೆಂಟ್ ಸ್ಟೋರಿಗೆ (ಒಂದೊಂದು ಕೆಲಸವನ್ನೂ ನಾವು ಸ್ಟೋರಿ ಅಂತೀವಿ) ಎಲ್ಲರ ಕಾರ್ಡೂ 3 ತೋರಿಸಿದ್ದಾಗ ಹುಡುಗನದು 8 ಇತ್ತು. ‘ಏನಪ್ಪಾ ಎಂಟು!’ ಅಂದಿದ್ದೆ. ಎಲ್ಲರೂ ನಕ್ಕರು. ಅವನೂ ನಕ್ಕು ಕಾರ್ಡು ಬದಲಾಯಿಸಿದ. ಬೇರೆ ಅಂದಾಜು ಕೊಟ್ಟವನನ್ನು ‘ನಿನಗೇನು ಕಂಡಿತು?’ ಎಂದು ಕೇಳುವುದಕ್ಕೇ ಇರುವ ಆಟವನ್ನು ನಾನು ಅವನನ್ನು ಸಾಲಿಗೆ ಎಳೆಯೋದಕ್ಕೆ ಬಳಸಿದ್ದೆ.

ಸ್ಕ್ರಮ್ ಎಂಬ ಹೆಸರು ಬಂದದ್ದು ರಗ್ಬಿ ಆಟದಿಂದ. 1986ರಲ್ಲಿ ಟಕೆಯುಚಿ ಮತ್ತು ನೊನಾಕಾ ಎಂಬ ಇಬ್ಬರು ಜಪಾನಿ ವಿದ್ವಾಂಸರು ಹೊಸ ಸರಕು ತಯಾರಿಸುವ ತಂಡಗಳ ಬಗ್ಗೆ ಬರೆಯುವಾಗ ಆ ಹೋಲಿಕೆ ಕೊಟ್ಟರು: ಒಬ್ಬ ಓಡಿ ಇನ್ನೊಬ್ಬನ ಕೈಗೆ ಕೋಲು ಕೊಡುವ ರಿಲೇ ಬೇಡ, ಇಡೀ ತಂಡ ಚೆಂಡನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಒಟ್ಟಾಗಿ ಮುನ್ನುಗ್ಗಲಿ. ನಾನು ರಗ್ಬಿಯನ್ನು ಟೀವಿಯಲ್ಲಿ ಬಿಟ್ಟರೆ ನೋಡಿಲ್ಲ. ನಮ್ಮ ಸ್ಟ್ಯಾಂಡಪ್ ಮಾತ್ರ ಶುದ್ಧ ಕಬಡ್ಡಿ. ಒಬ್ಬೊಬ್ಬನೇ ಉಸಿರು ಕಟ್ಟಿಕೊಂಡು ಏನೋ ಗೊಣಗುತ್ತಾ ಗೆರೆ ದಾಟಿ ಹೋಗಬೇಕು, ಯಾರ ಕೈಗೂ ಸಿಗದೆ ವಾಪಸ್ ಬಂದುಬಿಡಬೇಕು. ಉಳಿದವರು ತಮ್ಮ ಸರದಿ ಕಾಯುತ್ತಾ ನಿಂತಿರುತ್ತಾರೆ.

ನಾನು ತಿಪಟೂರು ಕಡೆಯವನು. ‘ಆಗವಲ್ದು’ ನನ್ನ ನಾಲಿಗೆಗೆ ಹೊಸದು. ಅವತ್ತು ರಾತ್ರಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು (ಅಲ್ಲಿ ಯೋಚನೆಗೆ ಬೇಕಾದಷ್ಟು ಸಮಯ ಸಿಗುತ್ತದೆ) ಆ ಪದವನ್ನೇ ತಿರುಗಾ ಮುರುಗಾ ಹಾಕಿದೆ. ‘ಆಗಲು ಒಲ್ಲದು’ ಬಾಯಿಂದ ಬಾಯಿಗೆ ಸವೆದು ಹಾಗಾಗಿರೋದು. ಒಲ್ಲದು ಅಂದರೆ ಒಪ್ಪುತ್ತಿಲ್ಲ. ಬೈಕು ಚಾಲೂ ಆಗವಲ್ದು, ಮಳೆ ಬರವಲ್ದು. ಮಾಡುವವನು ಮಾಡುತ್ತಲೇ ಇದ್ದಾನೆ, ಕೆಲಸ ಮಾತ್ರ ಹಟ ಹಿಡಿದು ಕೂತಿದೆ. ನಮ್ಮ ಕಡೆ ಇದೇ ಸಂಗತಿಯನ್ನು ‘ನನ್ನ ಕೈಲಿ ಆಗ್ತಿಲ್ಲ’ ಅಂತೀವಿ. ಅಲ್ಲಿ ನನ್ನ ಕೈ ಬಂತು. ಇಂಗ್ಲಿಷಿನ ‘ಐ ಆಮ್ ಸ್ಟಕ್’ನಲ್ಲೂ ಎಲ್ಲಕ್ಕಿಂತ ಮುಂದೆ ನಾನೇ ನಿಂತಿರುತ್ತೇನೆ. ಆ ಹುಡುಗನಿಗೆ ತನ್ನ ಮರ್ಯಾದೆಗೆ ಮುಕ್ಕಾಗದ ಹಾಗೆ ಕಷ್ಟ ಹೇಳಿಕೊಳ್ಳಲು ಮನೆಮಾತಿನಲ್ಲೊಂದು ದಾರಿ ಇತ್ತು. ನಾನು ನಡೆಸುತ್ತಿದ್ದ ಸಭೆಯಲ್ಲಿ ಅದಿರಲಿಲ್ಲ.

ಮೇಲಿನವರಿಗೆ ಬೇಕಾದದ್ದು ‘ಆಗುತ್ತೆ’. ಶುಕ್ರವಾರಕ್ಕೆ ಆಗುತ್ತಾ? ಆಗುತ್ತೆ ಸರ್. ಈ ‘ಆಗುತ್ತೆ’ಯಲ್ಲಿ ಎಷ್ಟು ಬಗೆ ಅನ್ನೋದು ಕನ್ನಡದವರಿಗೆ ಕೇಳಿದ ಕೂಡಲೇ ಗೊತ್ತಾಗುತ್ತೆ. ಥಟ್ಟನೆ ಬಂದರೆ ನಿಜವಾಗಿ ಆಗುತ್ತೆ. ‘ಆಗು…ತ್ತೆ’ ಅಂತ ಎಳೆದರೆ ಸೋಮವಾರ. ‘ಮಾಡೋಣ’ ಅಂದರೆ ಇನ್ನೂ ಶುರುವಾಗಿಲ್ಲ. ‘ನೋಡೋಣ’ ಅಂದರೆ, ಸಾಲ ಕೇಳಿದವರಿಗೂ ಹೆಣ್ಣು ಕೇಳಿದವರಿಗೂ ನಾವು ಯಾವಾಗ ನೋಡೋಣ ಅಂತೀವೋ ನಿಮಗೆ ಗೊತ್ತಿದೆ. ಅದೇ ಮಾತು ಇಂಗ್ಲಿಷಿಗೆ ಹೋಗಿ ‘ವಿಲ್ ಟ್ರೈ’ ಆಗಿ ರಾತ್ರಿ ಕಾಲ್‌ನಲ್ಲಿ ಅಮೆರಿಕದ ಕಡೆಗೆ ತಲುಪಿದಾಗ, ಅಲ್ಲಿಯವರು ಅದನ್ನು ‘ಹೌದು’ ಎಂದು ಬರೆದುಕೊಳ್ಳುತ್ತಾರೆ. ರಾಗ ಕಳೆದುಹೋಗಿ ಬರೀ ಸಾಹಿತ್ಯ ಉಳಿದಿರುತ್ತದೆ.

ಸ್ಕ್ರಮ್ ಗೈಡ್ ಎಂಬ ಸಣ್ಣ ಪುಸ್ತಿಕೆ ಬರೆದ ಕೆನ್ ಶ್ವಾಬರ್ ಮತ್ತು ಜೆಫ್ ಸದರ್ಲ್ಯಾಂಡ್ 2011ರಲ್ಲೇ ಇದನ್ನು ಸರಿಮಾಡಲು ನೋಡಿದ್ದರು. ಒಂದು ಸ್ಪ್ರಿಂಟಿನಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನೋದು ಅಲ್ಲಿಯತನಕ ತಂಡ ಕೊಟ್ಟ ‘ಮಾತು’ ಆಗಿತ್ತು. ಆ ವರ್ಷ ಅದನ್ನು ‘ಮುನ್ಸೂಚನೆ’ ಮಾಡಿದರು. ಮಳೆ ಬರುತ್ತೆ ಅಂದಿದ್ದು ಬರಲಿಲ್ಲ ಅಂತ ಹವಾಮಾನ ಇಲಾಖೆಯವರು ಶನಿವಾರ ಭಾನುವಾರ ಕೂತು ಮಳೆ ಸುರಿಸೋದಿಲ್ಲ. ನಾವು ಸುರಿಸುತ್ತೇವೆ. ಇನ್ನೊಂದು ತಮಾಷೆ: ನನ್ನ ಟೈಮರಿನ ಆ ಮೂರು ಪ್ರಶ್ನೆಗಳನ್ನು 2020ರ ಆವೃತ್ತಿಯಲ್ಲಿ ಕೈಬಿಟ್ಟೇ ಬಿಟ್ಟಿದ್ದಾರೆ. ಸರ್ಟಿಫಿಕೇಟನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡಿದ್ದ ನನಗೆ ಅದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಸ್ಕ್ರಮ್‌ನಂಥ ಪದ್ಧತಿಗಳಿಗೆಲ್ಲ ಒಟ್ಟು ಹೆಸರು ಅಜೈಲ್. ಅದು ಹುಟ್ಟಿದ ಕಥೆ ಈ ಕೆಲಸದಲ್ಲಿರುವ ಎಲ್ಲರೂ ಟ್ರೈನಿಂಗಿನಲ್ಲಿ ಕೇಳಿರುತ್ತಾರೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಜಾರಾಟದ ತಾಣದಲ್ಲಿ 17 ಜನ ಸೇರಿ ಒಂದು ಪ್ರಣಾಳಿಕೆ ಬರೆದರು. ಅದರ ಮೊದಲ ಸಾಲೇ ಪ್ರೊಸೆಸ್ಸು ಮತ್ತು ಟೂಲುಗಳಿಗಿಂತ ಮನುಷ್ಯರು, ಅವರ ನಡುವಿನ ಒಡನಾಟ ಹೆಚ್ಚು ಅನ್ನೋದು. ಇವತ್ತು ‘ನಾವು ಅಜೈಲ್’ ಅನ್ನುವ ಎಷ್ಟೋ ಕಡೆ ಅದರ ಅರ್ಥ ಕೆಲಸಗಳ ಲೆಕ್ಕ ಇಡುವ ಜಿರಾ ಎಂಬ ಸಾಫ್ಟ್‌ವೇರಿನ ಲೈಸೆನ್ಸ್ ಇದೆ ಅಂತ. ಹಿಂದೆಯೂ ಹೀಗೇ ಆಗಿತ್ತು. ವಿನ್ಸ್ಟನ್ ರಾಯ್ಸ್ ಎಂಬವರು ಸಾಫ್ಟ್‌ವೇರ್ ತಯಾರಿಕೆಯ ಬಗ್ಗೆ ಬರೆದ 1970ರ ತಮ್ಮ ಪ್ರಬಂಧದಲ್ಲಿ ಹಂತ ಹಂತವಾಗಿ ಕೆಳಗಿಳಿಯುವ ಮೆಟ್ಟಿಲಿನಂಥ ಚಿತ್ರ ಬರೆದು, ಹೀಗೇ ಸೀದಾ ಮಾಡಹೊರಟರೆ ಅಪಾಯ, ಸೋಲನ್ನು ಕರೆದಂತೆ ಎಂದು ಎಚ್ಚರಿಸಿದ್ದರು. ಜನ ಚಿತ್ರ ಇಟ್ಟುಕೊಂಡರು, ಎಚ್ಚರಿಕೆ ಬಿಟ್ಟರು. ಮುಂದೆ ಅದಕ್ಕೆ ವಾಟರ್‌ಫಾಲ್ ಎಂದು ಹೆಸರಾಯಿತು.

ಆ ವರ್ಷ ಗೌರಿ ಹಬ್ಬಕ್ಕೆ ಭಾವ ಬಂದಿದ್ದರು. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್. ಊಟಕ್ಕೆ ಕೂತಾಗ ಆಫೀಸಿನ ಕಥೆ ಹೇಳಿದೆ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವರು ಕೇಳಿದ್ದು ಒಂದೇ: ‘ನಿಮ್ಮಲ್ಲಿ ಹಗ್ಗ ಇಲ್ವಾ?’

ಅವರ ಲೈನಿನಲ್ಲಿ ಆಂಡನ್ ಇದೆ. ಟೊಯೊಟಾದವರಿಂದ ಜಗತ್ತಿಗೆಲ್ಲ ಹಬ್ಬಿದ ಪದ್ಧತಿ. ಕೆಲಸದ ಜಾಗದಲ್ಲಿ ಒಂದು ಹಗ್ಗವೋ ಗುಂಡಿಯೋ ಇರುತ್ತದೆ. ಬೋಲ್ಟು ಕೂರುತ್ತಿಲ್ಲ, ಭಾಗ ವಾರೆಯಾಗಿದೆ, ಏನೇ ಅನುಮಾನ ಬಂದರೂ ಎಳೆಯಬೇಕು. ಮೇಲೆ ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಲೈನ್ ಕೂಡಲೇ ನಿಲ್ಲೋದಿಲ್ಲ. ಗಾಡಿ ಆ ನಿಲ್ದಾಣ ದಾಟುವುದರೊಳಗೆ ಬಗೆಹರಿಯದಿದ್ದರೆ ಆಗ ನಿಲ್ಲುತ್ತದೆ. ‘ಎಳೆದವನಿಗೆ ಬೈಯಲ್ವಾ?’ ಅಂದೆ. ‘ಬೈದರೆ ನಾಳೆ ಎಳೆಯಲ್ಲ. ವಾರೆಯಾದ್ದು ಗಾಡಿ ಒಳಗೆ ಹೋಗಿ ಕೂರುತ್ತೆ. ಆಮೇಲೆ ಬಿಚ್ಚೋನು ಯಾರು, ನಿಮ್ಮಪ್ಪನಾ?’ ಅಂದರು. ಅಕ್ಕ ಕಣ್ಣು ಬಿಟ್ಟಳು. ನಮ್ಮಪ್ಪ ಎದುರಿನ ಎಲೆಯಲ್ಲೇ ಕೂತಿದ್ದರು.

ವಿಜಯದಶಮಿ ಕಳೆದ ಮೇಲೆ, ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡು ಇರುವ ನಮ್ಮ ಬೋರ್ಡಿನಲ್ಲಿ ಒಂದು ಹೊಸ ಕಾಲಮ್ ಸೇರಿಸಿದೆವು. ಬ್ಲಾಕ್ಡ್ ಎಂದು ಇಡಲು ಹೊರಟಿದ್ದೆ. ಕೊಯಮತ್ತೂರಿನವರೇ ‘ಆ ಹುಡುಗ ಹೇಳ್ತಾನಲ್ಲ, ಅದೇ ಇಡಿ’ ಅಂದರು. ಜಿರಾದಲ್ಲಿ, ಕನ್ನಡ ಅಕ್ಷರದಲ್ಲಿ: ಆಗವಲ್ದು. ಕಾರ್ಡು ಅಲ್ಲಿಗೆ ಹೋಯಿತೆಂದರೆ ಒಂದು ಗಂಟೆಯೊಳಗೆ ಯಾರಾದರೂ ಒಬ್ಬರು ತಮ್ಮ ಕೆಲಸ ಬಿಟ್ಟು ಅದರ ಹತ್ತಿರ ಹೋಗಬೇಕು. ಯಾಕೆ ಆಗಲಿಲ್ಲ ಎಂದು ಕೇಳುವಂತಿಲ್ಲ, ಏನು ಒಲ್ಲದು ಎಂದು ಕೇಳಬೇಕು. ಮೊದಲೆರಡು ವಾರ ಕಾಲಮ್ ಖಾಲಿ. ಮೂರನೇ ವಾರ ಒಂದು ಕಾರ್ಡು ಬಂತು, ಹಾಕಿದ್ದು ಹಿರಿಯರೇ. ಅವರದ್ದೇ ಆಗವಲ್ದು ಅಂದಮೇಲೆ ಉಳಿದವರಿಗೆ ಯಾವ ನಾಚಿಕೆ? ಮುಂದಿನ ತಿಂಗಳು ಒಂದೊಂದು ದಿನ ನಾಲ್ಕು ಕಾರ್ಡು. ನಮ್ಮ ಮ್ಯಾನೇಜರಿಗೆ ಗಾಬರಿ: ‘ಏನ್ರೀ ಇದು, ಮೊದಲು ಸಮಸ್ಯೆನೇ ಇರಲಿಲ್ಲ!’

ಈ ಗಾಬರಿಗೆ ಉತ್ತರ ಹುಡುಕುವಾಗಲೇ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿಯ ಕೆಲಸದ ಬಗ್ಗೆ ಓದಿದ್ದು. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆಂದು ಎಣಿಸಿದ್ದರೆ ಲೆಕ್ಕ ಉಲ್ಟಾ ಬಂತು, ಚೆನ್ನಾಗಿ ನಡೆಯುವ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅಲ್ಲಿಯವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಬಚ್ಚಿಡುತ್ತಿರಲಿಲ್ಲ ಅಷ್ಟೇ. ಮ್ಯಾನೇಜರಿಗೆ ಇದನ್ನು ವಿವರಿಸಿದೆ. ಅವರು ‘ಇಂಟರೆಸ್ಟಿಂಗ್’ ಅಂದರು. ಆಫೀಸಿನಲ್ಲಿ ಅದು ‘ನೋಡೋಣ’ದ ತಮ್ಮ.

ಸ್ಟ್ಯಾಂಡಪ್ಪನ್ನೂ ತಿರುಗಿಸಿದೆವು. ಜನರ ಸರದಿ ನಿಲ್ಲಿಸಿ ಕಾರ್ಡುಗಳ ಸರದಿ ಮಾಡಿದೆವು. ಬೋರ್ಡಿನ ಬಲಗಡೆಯಿಂದ, ಅಂದರೆ ಮುಗಿಯಲು ಹತ್ತಿರ ಇರುವುದರಿಂದ ಶುರುಮಾಡಿ ಎಡಕ್ಕೆ ಬರುವುದು. ಇದನ್ನು ಮುಗಿಸೋಕೆ ಏನು ಬೇಕು, ಯಾರು ಕೈ ಹಾಕ್ತೀರಿ? ಯಾರೂ ಮಾತಾಡದ ಕಾರ್ಡೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ ಅನ್ನೋದು ಆಗ ಕಾಣಿಸಿತು. ಟೈಮರ್ ಜೇಬಿಗೆ ಹೋಯಿತು.

ಹಾಗೆ ನೋಡುತ್ತಾ ಹೋದಾಗ ಗೊತ್ತಾಗಿದ್ದು: ಒಂಬತ್ತು ಜನರ ಕೈಯಲ್ಲಿ ಹದಿನಾಲ್ಕು ಕೆಲಸ ಅರೆಬರೆ. ದರ್ಶಿನಿಯಲ್ಲಿ ಗಲ್ಲಾದವನು ಎಷ್ಟು ಬೇಕಾದರೂ ಟೋಕನ್ ಹರಿಯಬಹುದು, ದೋಸೆ ಹುಯ್ಯುವವನು ಕಾವಲಿ ಹಿಡಿಸುವಷ್ಟೇ ಹುಯ್ಯುತ್ತಾನೆ. ಅವಸರಕ್ಕೆ ಬಿದ್ದು ಒಂದರ ಮೇಲೊಂದು ಹುಯ್ದರೆ ಯಾರಿಗೂ ದೋಸೆ ಇಲ್ಲ. ನಾವು ಅದನ್ನೇ ಮಾಡುತ್ತಿದ್ದೆವು. ಯಾವಾಗಲೂ ಐದಕ್ಕಿಂತ ಹೆಚ್ಚು ಕಾರ್ಡು ನಡುವೆ ಇರಬಾರದು ಎಂದು ಮಿತಿ ಹಾಕಿದೆವು. ಹೊಸದನ್ನು ಎತ್ತಿಕೊಳ್ಳಲು ಜಾಗ ಇಲ್ಲದವರು ಹಳೆಯದಕ್ಕೆ ಕೈ ಜೋಡಿಸಲೇಬೇಕು. ಇದು ಎಲ್ಲಕ್ಕಿಂತ ಹೆಚ್ಚು ಜಗಳ ತಂದ ಬದಲಾವಣೆ. ‘ನಾನು ಖಾಲಿ ಕೂತಿದ್ದೀನಿ ಅಂತ ಕಾಣಲ್ವಾ?’ ಅನ್ನೋದು ಎಲ್ಲರ ಭಯ. ಖಾಲಿ ಕೂತವರು ಕಂಡರೆ ಕೆಂಡವಾಗುವ ಮೇಲಿನವರು ಇದ್ದರಲ್ಲ, ಭಯ ಸುಳ್ಳಲ್ಲ.

ಈಗ ‘ಆಯ್ತು’ ವಿಷಯ. ಕನ್ನಡದಲ್ಲಿ ಇದಕ್ಕಿಂತ ಮೋಸದ ಪದ ಇಲ್ಲ. ನೋಡಲು ಭೂತಕಾಲ. ಆದರೆ ‘ನಾಳೆ ಬೇಗ ಬಾ’ ಅಂದರೂ ಆಯ್ತು, ‘ಅದು ಮುಗೀತಾ?’ ಅಂದರೂ ಆಯ್ತು. ಒಪ್ಪಿಕೊಂಡಿದ್ದಕ್ಕೂ ಮುಗಿಸಿದ್ದಕ್ಕೂ ಒಂದೇ ಮಾತು. ಒಂದು ಡೆಮೊ ದಿನ ಹಾಗೇ ಎಡವಿದೆವು. ಹಿಂದಿನ ಸಂಜೆ ‘ಆ ರಿಪೋರ್ಟಿನ ಪೇಜು ಇವತ್ತೇ ಸರ್ವರಿಗೆ ಹಾಕಿಬಿಡು’ ಅಂದಿದ್ದೆ, ‘ಆಯ್ತು’ ಅಂದಿದ್ದಳು ಅದರ ಕೋಡ್ ಬರೆಯುತ್ತಿದ್ದ ಹುಡುಗಿ. ಗಂಟೆ ಬಿಟ್ಟು ‘ಆಯ್ತಾ?’ ಅಂತ ಮೆಸೇಜ್ ಹಾಕಿದೆ, ‘ಆಯ್ತು’ ಅಂತ ಬಂತು. ಅವಳ ಲೆಕ್ಕದಲ್ಲಿ ಕೋಡ್ ಬರೆದು ಆಗಿತ್ತು. ಟೆಸ್ಟರ್ ಇನ್ನೂ ನೋಡಿರಲಿಲ್ಲ, ಸರ್ವರಿಗೆ ಹೋಗಿರಲಿಲ್ಲ. ಮರುದಿನ ಅಮೆರಿಕದವರ ಎದುರು ಬಿಳಿ ಪರದೆ, ಅದರ ನಡುವೆ ಗಿರ್ರನೆ ತಿರುಗುವ ಒಂದು ಚಕ್ರ.

ನಮ್ಮಮ್ಮನಿಗೆ ಅಡಿಗೆ ಆಯ್ತು ಅಂದರೆ ಒಲೆ ಒರೆಸಿ, ಕಟ್ಟೆ ತೊಳೆದು, ನಾಳೆಯ ಮೊಸರಿಗೆ ಹೆಪ್ಪು ಹಾಕಿ ಆಗಿರಬೇಕು. ನನಗೆ ಕುಕ್ಕರ್ ಮೂರು ಸಲ ಕೂಗಿದರೆ ಆಯ್ತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸ್ಕ್ರಮ್‌ನಲ್ಲಿ ಡೆಫಿನಿಷನ್ ಆಫ್ ಡನ್ (ಮುಗಿಯಿತು ಅಂದರೆ ಏನೇನು ಆಗಿರಬೇಕು ಎಂಬ ಪಟ್ಟಿ) ಅನ್ನೋದು ಇದಕ್ಕೇ ಇರೋದು. ನಮ್ಮದೂ ಇತ್ತು, ಯಾವುದೋ ವಿಕಿ ಪುಟದ ಅಡಿಯಲ್ಲಿ ಇಪ್ಪತ್ತೆರಡು ಸಾಲು. ಅದನ್ನು ಬಿಟ್ಟು ಒಂದು ಎ4 ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ‘ಆಯ್ತು ಅಂದರೆ: ಇನ್ನೊಬ್ಬರು ಓದಿದ್ದಾರೆ. ಟೆಸ್ಟರ್ ಹೂಂ ಅಂದಿದ್ದಾರೆ. ಸರ್ವರಿನಲ್ಲಿದೆ. ಬರೆಯದವನೊಬ್ಬ ಬಳಸಿ ನೋಡಿದ್ದಾನೆ.’ ಟೆಸ್ಟರ್ ಹುಡುಗಿ ಕೆಳಗೆ ಪೆನ್ಸಿಲಿನಲ್ಲಿ ಸೇರಿಸಿದಳು: ‘ಒಪ್ಪಿಕೊಂಡಿದ್ದಕ್ಕೆ ಸರಿ ಅನ್ನಿ.’

ಪೋಕರ್ ಆಡಿ ಕೆಲಸದ ಗಾತ್ರಕ್ಕೆ ಕೊಡುವ 3, 8ರಂಥ ಅಂಕ ಇದೆಯಲ್ಲ, ಆ ಸ್ಟೋರಿ ಪಾಯಿಂಟುಗಳ ಬಗ್ಗೆ ಹೆಚ್ಚು ಹೇಳಲಾರೆ, ಹೇಳಿದರೆ ರಕ್ತದೊತ್ತಡ ಏರುತ್ತದೆ. ನಮ್ಮ ಪಕ್ಕದ ಟೀಮಿನದು ಸ್ಪ್ರಿಂಟಿಗೆ 51 ಪಾಯಿಂಟು, ನಮ್ಮದು 34 ಎಂದು ಯಾರೋ ಒಂದು ಸ್ಲೈಡಿನಲ್ಲಿ ಅಕ್ಕಪಕ್ಕ ಹಾಕಿದರು. ಎರಡು ತಿಂಗಳಲ್ಲಿ ನಾವು 55 ಮುಟ್ಟಿದೆವು. ಕೆಲಸ ಒಂದು ಗುಲಗಂಜಿಯಷ್ಟೂ ಹೆಚ್ಚಾಗಿರಲಿಲ್ಲ. ಮೊದಲು 3 ಅನ್ನುತ್ತಿದ್ದುದಕ್ಕೆ 5 ಅಂದೆವು, ಅಷ್ಟೇ. ಮೇಲಿನವರು ಅಭಿನಂದನೆಯ ಮೇಲ್ ಕಳಿಸಿದರು. ಅಂದಹಾಗೆ ಸ್ಕ್ರಮ್ ಗೈಡಿನಲ್ಲಿ ಸ್ಟೋರಿ ಪಾಯಿಂಟಿನ ಮಾತೇ ಇಲ್ಲ. ಸ್ನೋಬರ್ಡಿನ ಹದಿನೇಳರಲ್ಲಿ ಒಬ್ಬರಾದ ರಾನ್ ಜೆಫ್ರೀಸ್, ಬಹುಶಃ ಅದನ್ನು ಕಂಡುಹಿಡಿದವನು ನಾನೇ, ಹಾಗಿದ್ದರೆ ಕ್ಷಮಿಸಿ ಎಂಬರ್ಥದಲ್ಲಿ ಬರೆದುಕೊಂಡಿದ್ದಾರೆ.

ಗಡಿಯಾರದ ಸಂಗತಿಯನ್ನು ಅಜೈಲ್ ತರಗತಿಗಳಲ್ಲಿ ಯಾರೂ ಹೇಳಿಕೊಡಲ್ಲ. ನಮ್ಮ ಪ್ರಾಡಕ್ಟ್ ಓನರ್, ಅಂದರೆ ಏನೇನು ತಯಾರಾಗಬೇಕೆಂದು ತೀರ್ಮಾನಿಸುವವರು, ಅಮೆರಿಕದ ಪೂರ್ವ ಕರಾವಳಿಯಲ್ಲಿ. ಅವರ ಬೆಳಗಿನ ಹನ್ನೊಂದಕ್ಕೆ ಮಾಡಿದ ಕೆಲಸ ತೋರಿಸುವ ರಿವ್ಯೂ, ಅಂದರೆ ನಮಗೆ ರಾತ್ರಿ ಎಂಟೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಕ್ಯಾಲೆಂಡರ್ ತಾನಾಗಿಯೇ ನಮ್ಮದನ್ನು ಒಂಬತ್ತೂವರೆ ಮಾಡಿಬಿಡುತ್ತದೆ. ಟೀಮಿನಲ್ಲಿ ಎರಡು ವರ್ಷದ ಮಗು ಇರುವ ತಾಯಿ ಒಬ್ಬರಿದ್ದರು. ಕಾಲ್‌ಗೆ ಬರುತ್ತಿದ್ದರು, ಮ್ಯೂಟ್‌ನಲ್ಲೇ ಇರುತ್ತಿದ್ದರು. ಅವರಿಗೆ ಹೇಳಲು ಏನೂ ಇಲ್ಲ ಎಂದುಕೊಂಡಿದ್ದೆವು. ಒಂದು ದಿನ ಮ್ಯೂಟ್ ತೆಗೆದಾಗ ಹಿಂದೆ ಮಗು ‘ಅಮ್ಮಾ ನಿದ್ದೆ’ ಅಂತ ಅಳುತ್ತಿತ್ತು. ಪ್ರಾಡಕ್ಟ್ ಓನರ್‌ಗೆ ಸೀದಾ ಕೇಳಿದೆ: ನೀವು ಏಳೂವರೆಗೆ ಎದ್ದು ಬರೋಕಾಗುತ್ತಾ? ನಮಗೆ ಆಗ ಸಂಜೆ ಆರು, ಬೇಸಿಗೆಯಲ್ಲಿ ಐದು. ಅವರು ಎರಡು ಸೆಕೆಂಡೂ ಯೋಚಿಸದೆ ಒಪ್ಪಿದರು, ‘ಇಷ್ಟು ದಿನ ಯಾಕೆ ಕೇಳಲಿಲ್ಲ?’ ಎಂದು ಬೇರೆ ಕೇಳಿದರು. ಮೂರು ವರ್ಷದಿಂದ ಯಾರೂ ಕೇಳಿರಲಿಲ್ಲ. ಮುಂದಿನ ಎರಡು ರಿವ್ಯೂಗಳಲ್ಲಿ ಆ ತಾಯಿ ಎತ್ತಿದ ಪ್ರಶ್ನೆಗಳಿಂದ ಒಂದು ಇಡೀ ಫೀಚರ್ ಬೇಡವೆಂದು ಕೈಬಿಟ್ಟೆವು. ಒಂದು ತಿಂಗಳ ಕೆಲಸ ಉಳಿಯಿತು.

ಅದೇ ಪ್ರಾಡಕ್ಟ್ ಓನರ್ ಒಂದು ಸಂಜೆ ಬೋರ್ಡ್ ನೋಡುತ್ತಾ, ಆ ಸುರುಳಿ ಸುರುಳಿ ಅಕ್ಷರದ ಕಾಲಮ್ ಏನು ಅಂದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾವೇರಿ ಹುಡುಗನೇ ಮ್ಯೂಟ್ ತೆಗೆದ. ತೊಡರುವ ಇಂಗ್ಲಿಷಿನಲ್ಲಿ, ನಾವು ಮಾಡುತ್ತಲೇ ಇದ್ದೇವೆ, ಅದು ಒಪ್ಪುತ್ತಿಲ್ಲ, ಅಂಥ ಕೆಲಸ ಅಲ್ಲಿರುತ್ತದೆ ಎಂದ. ಅವರು ನಕ್ಕರು. ಆಮೇಲಾಮೇಲೆ ಅವರೂ ‘ಎನಿಥಿಂಗ್ ಇನ್ ಆಗಾವಲ್ಡು?’ ಅಂತ ಕೇಳುತ್ತಿದ್ದರು.

ಸ್ಪ್ರಿಂಟ್ ಮುಗಿದ ಮೇಲೆ ಏನು ಸರಿಹೋಯಿತು, ಏನು ಹೋಗಲಿಲ್ಲ ಎಂದು ಮಾತಾಡುವ ಸಭೆ ರೆಟ್ರೋ. ಅದು ಮೊದಮೊದಲು ಹೇಗಿತ್ತೆಂದರೆ, ಹಳದಿ ಚೀಟಿಗಳಲ್ಲಿ ‘ಟೀಮ್‌ವರ್ಕ್ ಚೆನ್ನಾಗಿತ್ತು’, ‘ಕಾಫಿ ಮಷೀನ್ ಸರಿಮಾಡಿಸಿ’. ಮ್ಯಾನೇಜರ್ ಮೂಲೆಯಲ್ಲಿ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದರೆ ಇನ್ನೇನು ಬರೆದಾರು? ನಾರ್ಮ್ ಕರ್ತ್ ಎಂಬಾತ ರೆಟ್ರೋಗಳಿಗೆಂದು ಹಾಕಿಕೊಟ್ಟ ಒಂದು ತಳಹದಿ ಇದೆ: ಆವತ್ತು ಗೊತ್ತಿದ್ದದ್ದು, ಕೈಯಲ್ಲಿದ್ದದ್ದು ಇಷ್ಟೇ ಇರುವಾಗ ಎಲ್ಲರೂ ತಮ್ಮಿಂದಾದಷ್ಟು ಚೆನ್ನಾಗಿಯೇ ಮಾಡಿದ್ದಾರೆ ಎಂದು ಒಪ್ಪಿಕೊಂಡು ಮಾತು ಶುರುಮಾಡಬೇಕು. ಅದನ್ನು ಗಟ್ಟಿಯಾಗಿ ಓದಿಸಿದರೆ ಶಾಲೆಯ ಪ್ರತಿಜ್ಞೆಯ ಹಾಗೆ ಕೇಳಿಸುತ್ತಿತ್ತು, ಯಾರಿಗೂ ನಾಟಲಿಲ್ಲ. ಮ್ಯಾನೇಜರನ್ನು ಹೊರಗಿಡಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಒಂದು ದಿನ ಮೊದಲ ಚೀಟಿ ನಾನೇ ಬರೆದು ಅಂಟಿಸಿದೆ: ‘ಪೇಮೆಂಟ್ ಸ್ಟೋರಿಗೆ ಬಂದ 8ನ್ನು ನಾನು ನಗಿಸಿ 3 ಮಾಡಿದೆ.’ ಕೋಣೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಪೆನ್ನುಗಳ ಸದ್ದು.

ಎಲ್ಲವೂ ಸರಿಹೋಯಿತೆಂದು ಬರೆದರೆ ನಮ್ಮ ಟೀಮಿನವರೇ ಕೆಳಗೆ ಕಾಮೆಂಟ್ ಹಾಕಿ ಮಾನ ಕಳೆಯುತ್ತಾರೆ. ಇಬ್ಬರು ಒಂದೇ ಕೀಬೋರ್ಡಿನ ಮುಂದೆ ಕೂತು ಕೋಡ್ ಬರೆಯುವ ಪೇರ್ ಪ್ರೋಗ್ರಾಮಿಂಗ್ ಮೂರು ವಾರ ನಡೆಸಿ ಬಿಟ್ಟೆವು. ಇಬ್ಬರಿಗೆ ಒಬ್ಬರ ಉಸಿರು ಒಬ್ಬರಿಗೆ ಆಗಿಬರಲಿಲ್ಲ. ಮಾರ್ಚಿನ ರಿಲೀಸ್ ಹತ್ತು ದಿನ ತಡವಾಯಿತು. ತಡವಾಗುತ್ತದೆಂದು ಐದು ವಾರ ಮುಂಚೆಯೇ ಹೇಳಿದ್ದೆವು ಎಂಬುದಷ್ಟೇ ವ್ಯತ್ಯಾಸ, ಬೈಗುಳ ಅಷ್ಟೇ ಇತ್ತು. ಇನ್ನು ಅಪ್ರೈಸಲ್ ತಿಂಗಳು ಬಂದರೆ ಆ ಕಾಲಮ್ ತಾನಾಗಿಯೇ ಖಾಲಿಯಾಗುತ್ತದೆ. ಒಂಬತ್ತು ಜನರನ್ನು ಒಂದರಿಂದ ಐದರ ಅಂಕದಲ್ಲಿ ಸಾಲಾಗಿ ನಿಲ್ಲಿಸು, ಒಬ್ಬರನ್ನಾದರೂ ಕೆಳಗೆ ಹಾಕಲೇಬೇಕು ಅಂದರೆ, ಆ ಪಟ್ಟಿ ಯಾರ ಕೈಯಲ್ಲಿದೆಯೋ ಅವನ ಹತ್ತಿರ ‘ಆಗವಲ್ದು’ ಅನ್ನುವಷ್ಟು ಹುಚ್ಚರು ಯಾರು? ಪಟ್ಟಿ ಇರುತ್ತಿದ್ದದ್ದು ನನ್ನ ಕೈಯಲ್ಲೇ. ಒಂದೇ ಬಾಯಲ್ಲಿ ಹಗ್ಗ ಎಳೆಯಿರಿ ಅನ್ನುತ್ತಾ, ಎಳೆದವರ ಲೆಕ್ಕವನ್ನೂ ಬರೆಯುತ್ತಿದ್ದೆ.

ಈ ಸಲ ಮೂರು ಸಲ ಮೀಟಿಂಗ್ ಮಾಡಿ ಹೇಳಿದೆ. ಅಂಕ ಟೀಮಿಗೆ ಕೊಡಿ, ಇಲ್ಲವೇ ಪಟ್ಟಿಯನ್ನು ನನ್ನಿಂದ ತೆಗೆದುಕೊಂಡು ಬೇರೆ ಯಾರಿಗಾದರೂ ಕೊಡಿ. ಎಚ್‌ಆರ್‌ನವರು ಪಾಲಿಸಿ ಅಂದರು. ಮ್ಯಾನೇಜರ್ ‘ನೋಡೋಣ’ ಅಂದರು, ಅದೂ ಎಳೆದು.

ಮೊನ್ನೆ ಗುರುವಾರ ಬೆಳಿಗ್ಗೆ ಸ್ಟ್ಯಾಂಡಪ್ಪಿಗೆ ಮುಂಚೆ ಒಂದು ಕಾರ್ಡು ಬರೆದು ಆ ಕಾಲಮ್ಮಿಗೆ ಹಾಕಿದೆ. ಹೆಸರು ನನ್ನದೇ. ವಿಷಯ: ಅಪ್ರೈಸಲ್ ಪಟ್ಟಿ. ಹಾಕಿದ ಮೇಲೆ ತೆಗೆದುಬಿಡೋಣ ಅನ್ನಿಸಿತು. ಮೌಸ್ ಅದರ ಮೇಲೆ ಹೋಗಿ ನಿಂತೂ ಇತ್ತು. ಅಷ್ಟರಲ್ಲಿ ಹಿಂದೆ ಯಾರೋ ಕುರ್ಚಿ ಎಳೆದ ಸದ್ದು. ಹಾವೇರಿ ಹುಡುಗ. ಪರದೆ ಓದಿದ, ಏನೂ ಕೇಳಲಿಲ್ಲ.

‘ನಾಷ್ಟಾ ಆತ್ರಿ ಸರ್ರ? ಬರ್ರಿ, ಚಾ ಕುಡದು ಬರೋಣು’ ಅಂದ.